ಬಸ್ಸಿನಲ್ಲಿ ತಂಬೂರಿ ಕೇಳಿಸಬೇಕು, ಅಷ್ಟೇ

ಬೆಳಗ್ಗೆ 8.10ರ ಬಸ್ಸು ನನ್ನದು. ದಾವಣಗೆರೆಯಲ್ಲಿ ಹತ್ತಿ ಭರಮಸಾಗರದಲ್ಲಿ ಇಳಿಯುತ್ತೇನೆ. ಅಲ್ಲಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಮನೆಯಲ್ಲಿ ಮಿಕ್ಸಿ, ಕುಕ್ಕರು, ಅಪ್ಪಾಜಿಯ ಟಿವಿ. ಶಾಲೆಯಲ್ಲಿ ಬೆಲ್ಲು, ಮಕ್ಕಳು, ಮತ್ತೆ ಬೆಲ್ಲು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಮಾತ್ರ ನನ್ನದು. ಆ ಹೊತ್ತಿನಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ. ಪಕ್ಕದವರು ಜಂಬದ ಟೀಚರ್ ಅಂದುಕೊಂಡರೂ ಪರವಾಗಿಲ್ಲ, ನಾನು ಹಾಡು ಕೇಳಬೇಕು.

ಹಾಡು ಅಂದರೆ ಹೆಚ್ಚಾಗಿ ಹಿಂದೂಸ್ತಾನಿ. ಅಪ್ಪಾಜಿ ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಸಂಜೆ ಬಂದು ಕೈಕಾಲು ತೊಳೆದವರೇ ಟೇಪ್‌ರೆಕಾರ್ಡರ್ ಹಾಕುತ್ತಿದ್ದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ನಮ್ಮ ಓಣಿಯಲ್ಲಿ ಬೇರೆ ಮನೆಗಳಿಂದ ಸಿನಿಮಾ ಹಾಡು ಬಂದರೆ ನಮ್ಮ ಮನೆಯಿಂದ ರಾಗದ ತಾನ್‌ಗಳು. ಆಗ ನಾಚಿಕೆಯಾಗುತ್ತಿತ್ತು. ಈಗ ಅದೇ ಬೇಕು.

ಮೊದಲು ಫೋನಿನಲ್ಲೇ ಕೇಳುತ್ತಿದ್ದೆ. ಆನಗೋಡು ಬರುವ ಹೊತ್ತಿಗೆ ಆಲಾಪ ಸರಿಯಾಗಿ ಕಾವೇರುತ್ತದೆ. ಮನಸೂರರು ಉಸಿರು ಹಿಡಿದು ಮೇಲಿನ ಷಡ್ಜದ ಹತ್ತಿರ ಹೋಗುತ್ತಿರುತ್ತಾರೆ. ಅಷ್ಟರಲ್ಲಿ ಟಿಂಗ್. ಶಾಲೆಯ ವಾಟ್ಸಾಪ್ ಗ್ರೂಪು. 'ನಿನ್ನೆ ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು, ಕೂಡಲೇ ಕಳಿಸಿ.' ಮತ್ತೆ ಟಿಂಗ್, ಯಾರದೋ ಹೆಬ್ಬೆಟ್ಟಿನ ಚಿತ್ರ. ಗ್ರೂಪ್ ಮ್ಯೂಟ್ ಮಾಡಿದರೆ ಹೆಡ್‌ಮಾಸ್ಟರು ಫೋನೇ ಮಾಡುತ್ತಾರೆ. ಜೊತೆಗೆ ನನ್ನ ಫೋನಿಗೆ ಇಯರ್‌ಫೋನಿನ ತೂತೇ ಇಲ್ಲ. ಬ್ಲೂಟೂತ್ ಬಡ್ಸ್ ತಗೊಂಡೆ. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ನಿಲ್ಲೋಕೂ ಜಾಗ ಸಿಕ್ಕರೆ ಪುಣ್ಯ. ಒಂದು ದಿನ ನೂಕುನುಗ್ಗಲಿನಲ್ಲಿ ಎಡಗಿವಿಯದು ಬಿತ್ತು. ಯಾರ ಚಪ್ಪಲಿಯ ಕೆಳಗೆ ಹೋಯಿತೋ ದುರ್ಗಮ್ಮನೇ ಬಲ್ಲಳು.

ಆಗ ಅನ್ನಿಸಿದ್ದು, ಹಾಡಿಗೆ ಮಾತ್ರ ಅಂತ ಒಂದು ಪ್ಲೇಯರ್ ಯಾಕೆ ತಗೋಬಾರದು? ಒಳ್ಳೆ ಧ್ವನಿ ಇರಬೇಕು. ತಂಬೂರಿಯ ಝೇಂಕಾರ ಸರಿಯಾಗಿ ಕೇಳಿಸಬೇಕು. ಎಂಟು ಸಾವಿರದೊಳಗೆ ಮುಗಿಯಬೇಕು. ಇಷ್ಟೇ ನನ್ನ ಲೆಕ್ಕ.

ಪೇಟೆಯಲ್ಲಿ ಕೇಳಿದ್ದು ಒಂದು ತಮಾಷೆ. ಅಶೋಕ ರಸ್ತೆಯ ಕಡೆ ಮೂರು ಅಂಗಡಿ ಹತ್ತಿ ಇಳಿದೆ. ಮೊದಲನೆಯವರು ಪೆನ್‌ಡ್ರೈವ್ ಹಾಕುವ ಸ್ಪೀಕರ್ ತೋರಿಸಿದರು, ಮೇಲೆ ಕೆಂಪು ನೀಲಿ ದೀಪ ಬೇರೆ. ಎರಡನೆಯವರು ಹಳೇ ಹಾಡು ತುಂಬಿದ ರೇಡಿಯೋ ತೋರಿಸಿ, 'ಇದು ವಯಸ್ಸಾದೋರಿಗೆ ಚೆನ್ನಾಗೈತೆ ಮೇಡಂ' ಅಂದರು. ನನ್ನನ್ನೇ ನೋಡಿ ಅಂದರೋ, ಅಪ್ಪಾಜಿಗೆ ಅಂತ ಅಂದುಕೊಂಡರೋ ಕೇಳಲಿಲ್ಲ. ಮೂರನೆಯ ಅಂಗಡಿಯ ಹುಡುಗ ಮಾತ್ರ ನಿಜ ಹೇಳಿದ. 'ಎಂಪಿ3 ಪ್ಲೇಯರ್ ಯಾರು ತಗೋತಾರೆ ಮೇಡಂ ಈಗ? ಐಪಾಡೇ ನಿಲ್ಲಿಸಿಬಿಟ್ರು.' ಅವನ ಮಾತು ಸರಿ. 2001ರಲ್ಲಿ ಬಂದ ಐಪಾಡನ್ನು ಆಪಲ್‌ನವರು 2022ರಲ್ಲಿ ಕೈಬಿಟ್ಟರು.

ಸರಿ ಅಂತ ಆನ್‌ಲೈನಿನಲ್ಲಿ 1,450 ರೂಪಾಯಿಯ ಒಂದನ್ನು ತರಿಸಿದೆ. ಡಬ್ಬಿಯ ಮೇಲೆ 'ಹೈಫೈ', 'ಲಾಸ್‌ಲೆಸ್' ಅಂತ ಬಂಗಾರದ ಅಕ್ಷರ. ಧ್ವನಿಯಲ್ಲಿ ಏನೂ ಕಳೆಯದೆ ಇಡುವ ಫ್ಲಾಕ್ ಅನ್ನುವ ಫೈಲು ಓದುತ್ತದೆ ಅನ್ನುವುದು ನಿಜವೇ. ಆದರೆ ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಚೌಕ ಚೌಕ. ಮನಸೂರರೂ ಚೌಕ, ಗಂಗೂಬಾಯಿಯವರೂ ಚೌಕ. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸೋಕಾಗದ್ದು ಎರಡು.

ಒಂದು, ಹಾಡು ಶುರುವಾಗುವ ಮುಂಚೆಯೇ ಕಿವಿಯಲ್ಲಿ 'ಸ್ಸ್ಸ್' ಅಂತ ಒಂದೇ ಸಮನೆ ಸದ್ದು. ಹಂಚಿನ ಮೇಲೆ ನೀರು ಚಿಮುಕಿಸಿದರೆ ಬರುತ್ತಲ್ಲ, ಹಾಗೆ. ಆದರೆ ಅದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಸಿನಿಮಾ ಹಾಡಿನಲ್ಲಿ ಗೊತ್ತೇ ಆಗಲ್ಲ. ಆದರೆ ಬರೀ ತಂಬೂರಿ ಮೀಟುತ್ತಿರುವಾಗ, ಗಾಯಕರು ಇನ್ನೂ ಗಂಟಲು ಸರಿ ಮಾಡಿಕೊಳ್ಳುತ್ತಿರುವಾಗ, ಆ ಸದ್ದೇ ಮುಂದೆ ನಿಲ್ಲುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ನನ್ನ ಸಿಡಿಗಳಲ್ಲಿ ನಿಧಾನ ಲಯದ ವಿಲಂಬಿತ ಒಂದು ಟ್ರ್ಯಾಕು, ವೇಗದ ದ್ರುತ ಇನ್ನೊಂದು. ಹಾಡಿದ್ದು ಮಾತ್ರ ಒಂದೇ ಉಸಿರಿಗೆ. ಈ ಪ್ಲೇಯರ್ ಒಂದು ಟ್ರ್ಯಾಕ್ ಮುಗಿದ ಮೇಲೆ ಟಕ್ ಅಂತ ಕಡಿದು, ಒಂದೂವರೆ ಸೆಕೆಂಡು ಸುಮ್ಮನಿದ್ದು, ಮುಂದಿನದು ಶುರು ಮಾಡುತ್ತಿತ್ತು. ತಬಲಾದವರು ಸಮ್ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ, ಬಂದು ಬೀಳಬೇಕು, ಅಲ್ಲೇ ಗುಂಡಿ. ಹೀಗೆ ಕಡಿಯದೆ ಆಡಿಸುವುದಕ್ಕೆ ಗ್ಯಾಪ್‌ಲೆಸ್ ಅಂತ ಹೆಸರು. ಜಾಹೀರಾತಿನಲ್ಲಿ ಇದನ್ನು ದೊಡ್ಡದಾಗಿ ಬರೆಯುವುದಿಲ್ಲ. ಖಯಾಲಿನಂಥ ಹಿಂದೂಸ್ತಾನಿ ಗಾಯನ ಕೇಳುವವರು, ಮೂರು ಗಂಟೆಯ ಹರಿಕಥೆ ಕೇಳುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು.

ಆ 'ಸ್ಸ್ಸ್' ಯಾಕೆ ಬರುತ್ತೆ ಅಂತ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ಲೇಯರಿನೊಳಗೆ ಎರಡು ಮುಖ್ಯ ಕೆಲಸ. ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡುವ ಡ್ಯಾಕ್ ಚಿಪ್ ಒಂದು, ಅದಕ್ಕೆ ಬಲ ಕೊಡುವ ಆಂಪ್ಲಿಫೈಯರ್ ಇನ್ನೊಂದು. ಡ್ಯಾಕ್ ಈಗ ಅಗ್ಗದ್ದೂ ಚೆನ್ನಾಗಿಯೇ ಇರುತ್ತದೆ. ಕಂಜೂಸಿ ನಡೆಯುವುದು ಹೆಚ್ಚಾಗಿ ಎರಡನೆಯದರಲ್ಲಿ. ಕಿವಿಯೊಳಗೆ ತುರುಕುವ ಇಯರ್‌ಫೋನುಗಳು ಬಹಳ ಸೂಕ್ಷ್ಮ, ಚೂರು ಗೊಜಗೊಜ ಇದ್ದರೂ ಎತ್ತಿ ತೋರಿಸುತ್ತವೆ.

ಇನ್ನೊಂದು ವಿಷಯ ಔಟ್‌ಪುಟ್ ಇಂಪೀಡೆನ್ಸ್. ಬೋರ್‌ವೆಲ್ ಇರುವವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಮೋಟರಿನಿಂದ ತೊಟ್ಟಿಯ ತನಕದ ಪೈಪು ಸಪೂರ ಇದ್ದರೆ ಒತ್ತಡವೆಲ್ಲ ಪೈಪಿನಲ್ಲೇ ಹೋಗುತ್ತದೆ. ಪ್ಲೇಯರಿನ ಒಳಗಿನ ತಡೆ ಜಾಸ್ತಿ ಇದ್ದರೂ ಹಾಗೇ. ಇಯರ್‌ಫೋನಿಗೆ ಸಿಗಬೇಕಾದ್ದರಲ್ಲಿ ಒಂದು ಪಾಲನ್ನು ಅದೇ ತಿನ್ನುತ್ತದೆ. ಕೆಲವು ಇಯರ್‌ಫೋನುಗಳ ತಡೆ ಒಂದೊಂದು ಸ್ವರಕ್ಕೆ ಒಂದೊಂದು ಥರ, ಆಗ ಧ್ವನಿಯ ಬಣ್ಣವೇ ಬದಲಾಗುತ್ತದೆ. ರೂಢಿಯ ಲೆಕ್ಕ ಏನೆಂದರೆ, ಪ್ಲೇಯರಿನ ತಡೆ ಇಯರ್‌ಫೋನಿನದರ ಎಂಟನೇ ಒಂದು ಭಾಗ ಮೀರಬಾರದು. ನನ್ನ ಇಯರ್‌ಫೋನು 18 ಓಮ್. ಅಂದರೆ ಪ್ಲೇಯರಿನದು ಸುಮಾರು ಎರಡು ಓಮ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಇಷ್ಟು ಹೊತ್ತಿಗೆ ನನ್ನ ಮಗ ಈ ವಿಷಯಕ್ಕೆ ಬಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ. ಓದು ಬಿಟ್ಟು ಬೇರೆ ಯಾವುದಕ್ಕೂ ಉತ್ಸಾಹ ಕಡಿಮೆಯಿಲ್ಲ. '32 ಬಿಟ್ ಇರೋದನ್ನೇ ತಗೋ ಅಮ್ಮ, 768 ಕಿಲೋಹರ್ಟ್ಸ್, 4.4 ಎಂಎಂ ಬ್ಯಾಲೆನ್ಸ್ಡ್ ಜ್ಯಾಕ್' ಅಂತ ಶುರು. ಅವನ ಗೆಳೆಯನೊಬ್ಬನ ಹತ್ತಿರ 68 ಸಾವಿರದ ಪ್ಲೇಯರ್ ಇದೆಯಂತೆ. ಅಪ್ಪ ಅಡಿಕೆ ಬೆಳೆಗಾರ, ಆ ವರ್ಷ ಬೆಲೆ ಚೆನ್ನಾಗಿತ್ತು ಅನ್ನಿಸುತ್ತೆ. ಭಾನುವಾರ ಅದನ್ನು ತರೋಕೆ ಹೇಳು, ಬೆಣ್ಣೆ ದೋಸೆ ಕೊಡಿಸುತ್ತೇನೆ ಅಂದೆ.

ಭಾನುವಾರ ಹುಡುಗ ಬಂದ. ಪ್ಲೇಯರ್ ಇಟ್ಟಿಗೆಯ ಹಾಗಿತ್ತು. ಕೈಗೆ ತಣ್ಣಗೆ, ಭಾರವಾಗಿ. ಗಂಗೂಬಾಯಿಯವರನ್ನು ಹಾಕಿ ಕೇಳಿದೆ. ಆಹಾ! ದನಿ ಎದೆಯ ಹತ್ತಿರವೇ ಬಂದು ಕೂತಿತು. ನನ್ನ ಫೋನಿಗೆ ಸಿಕ್ಕಿಸುವ, ಇಯರ್‌ಫೋನಿನ ತೂತಿರುವ ಪುಟ್ಟ ಯುಎಸ್‌ಬಿ ಡಾಂಗಲ್‌ನಲ್ಲಿ ಅದೇ ಹಾಡು ಕೇಳಿದರೆ ಸಪ್ಪೆ. ಎಂಟು ಸಾವಿರದ ಲೆಕ್ಕ ಅಲ್ಲಿಗೇ ಅಲ್ಲಾಡಿತು. ಮನಸ್ಸಿನಲ್ಲೇ ಸೊಸೈಟಿ ಸಾಲದ ಕಂತು ನೆನಪಿಸಿಕೊಂಡೆ.

ಆದರೆ ಗಣಿತದ ಬುದ್ಧಿ ಬಿಡಬೇಕಲ್ಲ. ಎರಡರ ಸದ್ದು ಸಮ ಇತ್ತಾ? ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸವನ್ನು ನಾವು 'ಜೋರು' ಅಂತ ಗುರುತಿಸುವುದಿಲ್ಲ, 'ಚೆನ್ನಾಗಿದೆ' ಅಂತ ಗುರುತಿಸುತ್ತೇವೆ. ವಿಜ್ಞಾನದ ಮೇಷ್ಟ್ರ ಹತ್ತಿರ ಮಲ್ಟಿಮೀಟರ್ ಇಸಕೊಂಡು ಬಂದಿದ್ದೆ. ಇದರಲ್ಲೂ ಒಂದು ಸೂಕ್ಷ್ಮ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರಿನಲ್ಲಿ ಎಸಿ ಅಳತೆ 200 ವೋಲ್ಟಿನ ಪಟ್ಟಿಯಿಂದ ಶುರು, ಈ ಕೆಲಸಕ್ಕೆ ಆಗಲ್ಲ. ಎರಡು ವೋಲ್ಟಿನ ಎಸಿ ಪಟ್ಟಿ ಇರುವುದೇ ಬೇಕು. ಅದರಲ್ಲೂ 100 ಹರ್ಟ್ಸಿನ ಸದ್ದಿನ ಫೈಲು ಹಾಕಿ ಅಳೆಯಬೇಕು. ಹೆಚ್ಚಿನ ಮೀಟರುಗಳು ಮನೆಯ ಕರೆಂಟಿನ 50 ಹರ್ಟ್ಸಿನ ಆಸುಪಾಸಿಗೆ ಮಾಡಿದವು, ಮೇಲೆ ಹೋದ ಹಾಗೆ ಸುಳ್ಳು ಹೇಳಬಹುದು. ಮಗ ಒಂದು ಹಳೇ ವೈರು ಸುಲಿದು, ಇಯರ್‌ಫೋನ್ ಸಿಕ್ಕಿಸಿದ ಹಾಗೇ ಅಳೆಯೋಕೆ ದಾರಿ ಮಾಡಿದ. ನಾನು ಬಸ್ಸಿನಲ್ಲಿ ಕೇಳುವಷ್ಟು ಸದ್ದಿಗೆ ಮೀಟರ್ ತೋರಿಸಿದ್ದು 0.1 ವೋಲ್ಟ್. ಹತ್ತನೇ ಒಂದು ವೋಲ್ಟ್! ಇಷ್ಟಕ್ಕೆ ಇಟ್ಟಿಗೆಯಂಥ ಆಂಪ್ಲಿಫೈಯರ್ ಯಾಕೆ ಬೇಕು ಅಂತ ಅಲ್ಲೇ ಅನುಮಾನ ಬಂತು. 300 ಓಮಿನ ದೊಡ್ಡ ಹೆಡ್‌ಫೋನ್ ಇದ್ದವರ ಕತೆ ಬೇರೆ, ಅದಕ್ಕೆ ನಿಜಕ್ಕೂ ಜಾಸ್ತಿ ವೋಲ್ಟ್ ಬೇಕು. ಆದರೆ ಅದನ್ನು ತಲೆಗೆ ಹಾಕಿಕೊಂಡು ಯಾರೂ ಭರಮಸಾಗರದ ಬಸ್ ಹತ್ತುವುದಿಲ್ಲ.

ಎರಡನ್ನೂ 0.1ಕ್ಕೆ ತಂದು ನಿಲ್ಲಿಸಿದೆವು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಹಿಂದೆ ಟವೆಲಿನ ಅಡಿಯಲ್ಲಿ ಮಗ ನಾಣ್ಯ ಚಿಮ್ಮಿ, ಬಿದ್ದ ಹಾಗೆ ಒಂದನ್ನೋ ಇನ್ನೊಂದನ್ನೋ ಹಾಕುತ್ತಿದ್ದ. ನಾನು ಯಾವುದು ಅಂತ ಹೇಳಬೇಕು. ಹದಿನಾರು ಸಲ. ಕಣ್ಣು ಮುಚ್ಚಿ ಊಹೆ ಮಾಡಿದರೂ ಸುಮಾರು ಎಂಟು ಸರಿ ಬರುತ್ತದೆ. ಬರೀ ಅದೃಷ್ಟದಿಂದ ಹನ್ನೆರಡು ಅಥವಾ ಮೇಲೆ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹತ್ತನೇ ಕ್ಲಾಸಿನವರಿಗೆ ನಾಣ್ಯ ಚಿಮ್ಮುವ ಲೆಕ್ಕ ಎಷ್ಟು ವರ್ಷ ಹೇಳಿಕೊಟ್ಟಿದ್ದೇನೋ, ಅದು ನನಗೇ ಉಪಯೋಗಕ್ಕೆ ಬಂದದ್ದು ಅವತ್ತೇ.

68 ಸಾವಿರದ್ದು ಮತ್ತು ಡಾಂಗಲ್: ಒಂಬತ್ತು ಸರಿ. ಎದೆಯ ಹತ್ತಿರ ಕೂತಿದ್ದ ಗಂಗೂಬಾಯಿಯವರು ಎರಡರಲ್ಲೂ ಅಲ್ಲೇ ಕೂತಿದ್ದರು. ಮಗನಿಗೆ ಹತ್ತು ಸರಿ. ಪ್ಲೇಯರಿನ ಒಡೆಯ ತಾನೂ ಕೂತ, ಅವನಿಗೆ ಏಳು. 'ಆಂಟಿ, ಬೇರೆ ಕೇಬಲ್ ತಂದಿದ್ರೆ ಗೊತ್ತಾಗ್ತಿತ್ತು' ಅಂದ. ಪಾಪ, ಇನ್ನೊಂದು ದೋಸೆ ಹೇಳಿದೆ.

1,450ರದ್ದು ಮತ್ತು ಡಾಂಗಲ್: ಹದಿನಾರಕ್ಕೆ ಹದಿನಾರು. ಆ 'ಸ್ಸ್ಸ್' ಸಾಕಲ್ಲ ಹಿಡಿಯೋಕೆ. ಅಂದರೆ ಕೆಟ್ಟದ್ದು ಮತ್ತು ಒಳ್ಳೆಯದರ ನಡುವೆ ದೊಡ್ಡ ಕಂದಕ. ಒಳ್ಳೆಯದು ಮತ್ತು ಬಹಳ ದುಬಾರಿಯದರ ನಡುವೆ, ಕನಿಷ್ಠ ನನ್ನ ಕಿವಿಗೆ, ಏನೂ ಇಲ್ಲ.

ಆಮೇಲೆ ಫೈಲುಗಳನ್ನೇ ಪರೀಕ್ಷೆ ಮಾಡಿದೆವು. ಸಿಡಿ ಅಂದರೆ ಸೆಕೆಂಡಿಗೆ 44,100 ಸಲ ಅಳೆದ, 16 ಬಿಟ್‌ನ ಅಂಕಿಗಳು. ಹತ್ತು ನಿಮಿಷದ ಹಾಡಿಗೆ 100 ಎಂಬಿಗಿಂತ ಸ್ವಲ್ಪ ಜಾಸ್ತಿ. ಫ್ಲಾಕ್ ಅದನ್ನು ಒಂದು ಅಂಕಿಯೂ ಕಳೆಯದೆ ಅರ್ಧಕ್ಕೋ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೋ ಮಡಚಿ ಇಡುತ್ತದೆ, ಸೀರೆ ಮಡಚಿದ ಹಾಗೆ. ಎಂಪಿ3 ಹಾಗಲ್ಲ, ಕಿವಿಗೆ ಗೊತ್ತಾಗಲಿಕ್ಕಿಲ್ಲ ಅನ್ನಿಸಿದ್ದನ್ನು ಎಸೆದೇ ಬಿಡುತ್ತದೆ. ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3ಯಲ್ಲಿ ಅದೇ ಹಾಡು 24 ಎಂಬಿ, 128ರಲ್ಲಿ ಹತ್ತು ಎಂಬಿಯೂ ಇಲ್ಲ.

128ರ ಎಂಪಿ3 ಮತ್ತು ಫ್ಲಾಕ್: ಹದಿನಾಲ್ಕು ಸರಿ. ಹಿಡಿದದ್ದು ತಂಬೂರಿಯಿಂದ. ಒಳ್ಳೆ ತಂಬೂರಿಯಲ್ಲಿ ತಂತಿಗಳನ್ನು ಹೊತ್ತ ಕುದುರೆಯ ಮೇಲೆ ತಂತಿಗೆ ಒಂದು ಎಳೆ ನೂಲು ಸಿಕ್ಕಿಸಿರುತ್ತಾರೆ, ಜವಾರಿ, ಅಂದರೆ ಆ ಝೇಂಕಾರ, ಬರಲಿ ಅಂತ. ಒಂದು ಸಲ ಮೀಟಿದರೆ ಒಂದು ಸ್ವರ ಅಲ್ಲ, ಅದರೊಳಗಿಂದ ಸಣ್ಣ ಸಣ್ಣ ಸ್ವರಗಳು ಒಂದರ ಮೇಲೊಂದು ಎದ್ದು, ಹೊಳೆದು, ಕರಗುತ್ತವೆ. ಫ್ಲಾಕಿನಲ್ಲಿ ಆ ಎಳೆಗಳು ಬಿಡಿಬಿಡಿಯಾಗಿ ಕೇಳುತ್ತವೆ. 128ರಲ್ಲಿ ನೀರಿನೊಳಗಿಂದ ಕೇಳಿದ ಹಾಗೆ, ಮೇಲಿನ ಎಳೆಗಳು ನಡುಗುತ್ತವೆ, ಗುಳುಗುಳು ಅನ್ನುತ್ತವೆ. ಚಪ್ಪಾಳೆಯಲ್ಲೂ ಅಷ್ಟೇ, ಜನರ ಚಪ್ಪಾಳೆ ಹೋಗಿ ಮಂಡಕ್ಕಿ ಹುರಿದ ಸದ್ದಾಗುತ್ತದೆ.

320 ಮತ್ತು ಫ್ಲಾಕ್: ಎಂಟು. ಶುದ್ಧ ನಾಣ್ಯ.

ಮಂಡಕ್ಕಿಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಭಟ್ಟಿಯಲ್ಲಿ ಮಂಡಕ್ಕಿ ಆದದ್ದು ಮತ್ತೆ ಭತ್ತ ಆಗುವುದಿಲ್ಲ. ಒಂದು ಸಲ ಎಂಪಿ3 ಆದದ್ದನ್ನು ಫ್ಲಾಕ್ ಮಾಡಿದರೆ ಫೈಲು ದೊಡ್ಡದಾಗುತ್ತದೆ ಅಷ್ಟೇ. ನನಗೊಬ್ಬರು 'ಎಲ್ಲಾ ಫ್ಲಾಕ್ ಮೇಡಂ' ಅಂತ ಒಂದು ಪೆನ್‌ಡ್ರೈವ್ ಕೊಟ್ಟಿದ್ದರು. ಸ್ಪೆಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಹಾಕಿ ನೋಡಿದರೆ 16 ಸಾವಿರ ಹರ್ಟ್ಸಿನ ಮೇಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಖಾಲಿ. ಮಂಡಕ್ಕಿಗೆ ಭತ್ತದ ಚೀಲ. ಅವತ್ತಿನಿಂದ ನನ್ನ ಸಿಡಿಗಳನ್ನು ನಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ.

ಮಗನ 768 ಕಿಲೋಹರ್ಟ್ಸಿಗೂ, ಅಂದರೆ ಸೆಕೆಂಡಿಗೆ 7,68,000 ಸಲ ಅಳೆಯುವುದಕ್ಕೂ, ಅವತ್ತೇ ತಿಥಿ ಮಾಡಿದೆವು. 44,100 ಸಲ ಅಳೆದರೆ ಸುಮಾರು 22 ಸಾವಿರ ಹರ್ಟ್ಸಿನ ತನಕದ ಸದ್ದು ಅದರಲ್ಲಿ ಹಿಡಿಯುತ್ತದೆ. ಮನುಷ್ಯರ ಕಿವಿ ಚಿಕ್ಕ ವಯಸ್ಸಿನಲ್ಲಿ ಹೆಚ್ಚೆಂದರೆ 20 ಸಾವಿರ. ಒಂದೊಂದೇ ಸದ್ದು ಹಾಕಿ ನೋಡಿದೆವು. ಮಗನಿಗೆ 17 ಸಾವಿರದ ತನಕ ಕೇಳಿತು. ನನಗೆ 12 ಸಾವಿರಕ್ಕೇ ಮೌನ. ಅವನು ಮುಖ ಗಿಂಜಿಕೊಂಡು ಕಿವಿ ಮುಚ್ಚಿಕೊಳ್ಳುತ್ತಿದ್ದ, ನಾನು 'ಹಾಕಿದೆಯಾ?' ಅಂತ ಕೇಳುತ್ತಿದ್ದೆ. ಐವತ್ತೊಂದು ವರ್ಷದ ಕಿವಿ ಇದು. 'ಅಮ್ಮಾ, ನಿನಗೆ ಹೈ-ರೆಸ್ ಅಂದ್ರೆ ದುಡ್ಡು ದಂಡ' ಅಂದ. ನಿನಗೂ ದಂಡವೇ ಕಣೋ ಅಂದೆ.

ಹಾಗಾದರೆ ನಿಜವಾಗಿ ಬದಲಾವಣೆ ತಂದದ್ದು ಯಾವುದು? ಇಯರ್‌ಫೋನು. ಅದಕ್ಕಿಂತ ಹೆಚ್ಚಾಗಿ ಅದರ ರಬ್ಬರ್ ಟೋಪಿ! ನಗಬೇಡಿ. ನಾನು ತಗೊಂಡದ್ದು ಮೂನ್‌ಡ್ರಾಪ್ ಚು 2, ಎರಡು ಸಾವಿರದೊಳಗಿನದು, ವೈರು ಬಿಚ್ಚಿ ಬದಲಾಯಿಸಬಹುದು. ಮೊದಲ ದಿನ ತಬಲಾದ ಬಾಯಾಂ, ಅಂದರೆ ಎಡಗೈಯ ದಪ್ಪ ದನಿಯದು, ಕೇಳಲೇ ಇಲ್ಲ, ಬರೀ ಟಿಕ್ ಟಿಕ್. ವಾಪಸ್ ಕಳಿಸೋಣ ಅಂತಿದ್ದೆ. ಆಮೇಲೆ ಗೊತ್ತಾಯಿತು, ನನ್ನ ಬಲಗಿವಿಯ ತೂತು ಎಡಗಿವಿಯದಕ್ಕಿಂತ ದೊಡ್ಡದು. ಎಡಕ್ಕೆ ಸಣ್ಣ ಟೋಪಿ, ಬಲಕ್ಕೆ ಮಧ್ಯಮ. ಕಿವಿಯನ್ನು ಸ್ವಲ್ಪ ಮೇಲಕ್ಕೆ ಎಳೆದು ಒಳಗೆ ಕೂರಿಸಿದ ಕೂಡಲೇ ಬಸ್ಸಿನ ಇಂಜಿನ್ ದೂರ ಹೋಯಿತು, ಬಾಯಾಂ ಗುಂಮ್ ಅಂತ ಹತ್ತಿರ ಬಂತು. ಎಲ್ಲಾದರೂ ಕೂದಲೆಳೆ ಸಂದು ಇದ್ದರೆ ಕೆಳಗಿನ ಸ್ವರಗಳೆಲ್ಲ ಅಲ್ಲಿಂದ ಸೋರಿಹೋಗುತ್ತವೆ, ಬಸ್ಸಿನ ಗುರ್ರ್ ಒಳಗೆ ಬರುತ್ತದೆ. 68 ಸಾವಿರದ ಪ್ಲೇಯರ್ ತರಲಾರದ ಬದಲಾವಣೆ ಅದು, ಡಬ್ಬಿಯಲ್ಲಿ ಪುಕ್ಕಟೆ ಬಂದ ರಬ್ಬರಿನಿಂದ.

ಹೆಂಗಸರಿಗೆ ಇನ್ನೊಂದು ಮಾತು. ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ತಂದು ಹಾಕಿಕೊಳ್ಳಬೇಕು. ಕೆಳಗೆ ನೇತಾಡಿಸಿದರೆ ಜುಮ್ಕಿಗೆ ಸಿಕ್ಕಿಕೊಳ್ಳುತ್ತದೆ. ಇಸ್ತ್ರಿ ಮಾಡಿದ ಕಾಟನ್ ಸೀರೆಯ ಸೆರಗಿಗೆ ವೈರು ಉಜ್ಜಿದರೆ ಅದರ ಪರಪರ ಸದ್ದು ನೇರ ಕಿವಿಗೇ ಬರುತ್ತದೆ. ಯಾವ ವಿಮರ್ಶಕರೂ ಇದನ್ನು ಬರೆದದ್ದು ನಾನು ಕಂಡಿಲ್ಲ. ಅವರು ಯಾರೂ ಸೀರೆ ಉಟ್ಟು ಬಸ್ಸಿನಲ್ಲಿ ನಿಂತಿರಲಿಕ್ಕಿಲ್ಲ.

ಹೊರಗಿನ ಗದ್ದಲ ಒಳಗೆ ಬರದಿದ್ದರೆ ಇನ್ನೊಂದು ಲಾಭ, ವಾಲ್ಯೂಮ್ ಏರಿಸಬೇಕಿಲ್ಲ. ನಮ್ಮ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಅಪ್ಪಾಜಿ ಮಗ್ಗಗಳ ನಡುವೆ ವರ್ಷಾನುಗಟ್ಟಲೆ ನಿಂತವರು. ಆಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅನ್ನುವವರೂ ಇರಲಿಲ್ಲ, ಸುತ್ತ ಬೇಕಾದಷ್ಟು ಹತ್ತಿ ಇತ್ತು. ಅವರು ಟೇಪ್‌ರೆಕಾರ್ಡರ್ ಅಷ್ಟು ಜೋರಾಗಿ ಹಾಕುತ್ತಿದ್ದದ್ದು ಸಂಗೀತದ ಹುಚ್ಚಿಗೆ ಅಂತ ನಾವು ಅಂದುಕೊಂಡಿದ್ದೆವು. ಕೇಳದೆ ಹಾಕುತ್ತಿದ್ದರು ಅಂತ ಗೊತ್ತಾದದ್ದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಐದು. ವಾರಕ್ಕೆ ಆರು ದಿನ ಒಂದೂವರೆ ಗಂಟೆ ಅಂದರೆ ನನ್ನದು ಒಂಬತ್ತು ಗಂಟೆ. 86 ದಾಟಿದರೆ ನನ್ನ ಲೆಕ್ಕ ತಪ್ಪುತ್ತದೆ.

ಧ್ವನಿಗೆ ಡಾಂಗಲ್ಲೇ ಸಾಕು ಅಂತ ನಾಣ್ಯ ಹೇಳಿತಲ್ಲ, ಮತ್ತೆ ಪ್ಲೇಯರ್ ಯಾಕೆ ಅಂತ ಮಗ ಕೇಳಿದ. ಮೊಟ್ಟೆ ಲೆಕ್ಕಕ್ಕೆ ಅಂದೆ. ಫೋನು ಬ್ಯಾಗಿನ ತಳದಲ್ಲಿ ಟಿಂಗ್ ಅನ್ನಲಿ, ನನಗೆ ಕೇಳಬಾರದು. ಇನ್ನೊಂದು ಆಸೆ, ಗುಂಡಿಗಳು ಬೇಕು. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಬ್ಯಾಗು. ಕಂಡಕ್ಟರ್ 'ಆಧಾರ್ ತೋರ್ಸಿ ಅಕ್ಕಾ' ಅಂದಾಗ ಬ್ಯಾಗಿನೊಳಗೇ ತಡಕಿ ಹಾಡು ನಿಲ್ಲಿಸೋಕೆ ಬರಬೇಕು. ನುಣ್ಣನೆಯ ಗಾಜಿನ ಮೇಲೆ ಅದು ಆಗದ ಮಾತು.

ಹೊಸದರಲ್ಲಿ ಫಿಯೋ, ಹೈಬಿ, ಶಾನ್‌ಲಿಂಗ್ ಅಂತ ಚೀನಾದ ಹೆಸರುಗಳು ಎಲ್ಲ ಬೆಲೆಗೂ ಇವೆ. ಆಂಡ್ರಾಯ್ಡ್ ಇರುವುದನ್ನು ತಗೊಂಡರೆ ಹಾಡಿನ ಆ್ಯಪುಗಳು ನಡೆಯುತ್ತವೆ. ಇಲ್ಲದಿದ್ದರೆ ಆ ಆ್ಯಪುಗಳಲ್ಲಿ ಡೌನ್‌ಲೋಡ್ ಮಾಡಿದ್ದನ್ನು ಕಾರ್ಡಿಗೆ ಹಾಕಿ ಕೇಳೋಕೆ ಬರುವುದಿಲ್ಲ, ಫೈಲು ನಿಮ್ಮದೇ ಆಗಿರಬೇಕು. ನನಗೆ ಆ್ಯಪು ಬೇಡವಾಗಿತ್ತು. ಕಡೆಗೆ ಮನಸ್ಸು ನಿಂತದ್ದು ಸೋನಿ ವಾಕ್‌ಮನ್ ಎನ್‌ಡಬ್ಲ್ಯೂ-ಎ55 ಮೇಲೆ. 2018ರ ಮಾಡೆಲ್ಲು. ಪಕ್ಕದಲ್ಲಿ ಗುಂಡಿಗಳು, ಮೆಮೊರಿ ಕಾರ್ಡಿಗೆ ಜಾಗ, 3.5 ಎಂಎಂ ತೂತು. ವೈಫೈ ಇಲ್ಲ. ವೈಫೈ ಇಲ್ಲ ಅನ್ನುವುದನ್ನು ನಾನು ಗುಣದ ಪಟ್ಟಿಗೆ ಸೇರಿಸಿದೆ. ನಾನು ಪಿಯುಸಿಯಲ್ಲಿದ್ದಾಗ ಚಿಕ್ಕಪ್ಪ ದುಬೈಯಿಂದ ಒಂದು ಕ್ಯಾಸೆಟ್ ವಾಕ್‌ಮನ್ ತಂದಿದ್ದರು, ಅದನ್ನು ಮುಟ್ಟೋಕೂ ಬಿಟ್ಟಿರಲಿಲ್ಲ. ಆ ಸಿಟ್ಟೂ ಈ ತೀರ್ಮಾನದಲ್ಲಿ ಸೇರಿಕೊಂಡಿರಬಹುದು, ಇಲ್ಲ ಅನ್ನಲ್ಲ.

ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ 7,000ಕ್ಕೆ ಸಿಕ್ಕಿತು. ಅಕ್ಕನ ಮಗಳು ಹೋಗಿ ನೋಡಿ ಬಂದಳು. ಅವಳಿಗೆ ನಾನು ಹೇಳಿದ್ದು ಇಷ್ಟು: ಸಮತಟ್ಟಾದ ಮೇಜಿನ ಮೇಲೆ ಇಟ್ಟು ಬ್ಯಾಟರಿ ಉಬ್ಬಿದೆಯಾ ನೋಡು. ಹಾಡು ಹಾಕಿ ಇಯರ್‌ಫೋನಿನ ಪಿನ್ನನ್ನು ಮೆಲ್ಲಗೆ ತಿರುಗಿಸು, ಒಂದು ಕಿವಿ ಹೋಗಿ ಬಂದರೆ ಬೇಡ. ಖಾಲಿ ಫೈಲು ಹಾಕಿ ಸುಮ್ನೆ ಕೇಳು, 'ಸ್ಸ್ಸ್' ಬಂದರೆ ಬೇಡ. ನಾನು ಕಳಿಸಿದ ಎರಡು ಟ್ರ್ಯಾಕ್ ನಡುವೆ ಕಡಿದರೆ ಖಂಡಿತ ಬೇಡ. ಯುರೋಪಿನಲ್ಲಿ ಮಾರಿದ್ದಾ ಅಂತ ಕೇಳು, ಅಲ್ಲಿಯವುಗಳಲ್ಲಿ ವಾಲ್ಯೂಮಿಗೆ ಮಿತಿ ಇರುತ್ತದೆ. 'ಚಿಕ್ಕಮ್ಮ, ಗಂಡು ನೋಡೋಕೂ ಇಷ್ಟು ಕೇಳಿರಲಿಲ್ಲ ನೀವು' ಅಂದಳು.

ಕಾರ್ಡಿನಲ್ಲಿ ಒಂದು ಸಲ ಮೋಸ ಹೋದೆ. 512 ಜಿಬಿ ಅಂತ 450 ರೂಪಾಯಿಗೆ ಸಿಕ್ಕಿದ್ದರಲ್ಲಿ ನಿಜವಾಗಿ ಹಿಡಿದದ್ದು 30 ಜಿಬಿ. ಉಳಿದ ಹಾಡುಗಳು ಹೆಸರಿಗೆ ಇದ್ದವು, ಒಳಗೆ ಏನೂ ಇಲ್ಲ. ಹೊಸ ಕಾರ್ಡು ತಂದ ದಿನವೇ ಪೂರ್ತಿ ತುಂಬಿಸಿ ವಾಪಸ್ ಓದಿ ನೋಡುವ ತಂತ್ರಾಂಶಗಳಿವೆ, ಹಾಗೆ ನೋಡಿಯೇ ಎರಡನೆಯದನ್ನು ಇಟ್ಟುಕೊಂಡೆ. 128 ಜಿಬಿ. ನನ್ನ ಎಲ್ಲ ಸಿಡಿ ಹಿಡಿಸಿ ಇನ್ನೂ ಜಾಗ ಇದೆ.

ನಾಲ್ಕು ತಿಂಗಳಾಯಿತು. ವಿಲಂಬಿತದಿಂದ ದ್ರುತಕ್ಕೆ ಹೋಗುವಾಗ ನಡುವೆ ಕಡಿಯುವುದಿಲ್ಲ. ಒಂದು ಸಲ ಎಷ್ಟು ಚೆನ್ನಾಗಿ ಕೇಳಿತೆಂದರೆ ಭರಮಸಾಗರ ದಾಟಿದ್ದೇ ಗೊತ್ತಾಗದೆ, ಕಣ್ಣು ಬಿಟ್ಟಾಗ ದುರ್ಗದ ಗುಡ್ಡದ ಗಾಳಿಯಂತ್ರಗಳು ಕಾಣುತ್ತಿದ್ದವು. ಅವತ್ತು ಅರ್ಧ ದಿನದ ರಜೆ ಹೋಯಿತು.

ಅಪ್ಪಾಜಿ ಒಂದು ಸಂಜೆ ಇಸಕೊಂಡು, ಶ್ರವಣಯಂತ್ರ ತೆಗೆದಿಟ್ಟು, ಇಯರ್‌ಫೋನ್ ಹಾಕಿಕೊಂಡು ಕೂತರು. ತಂಬೂರಿ ಶುರುವಾಗಿ ಅರ್ಧ ನಿಮಿಷವಾದ ಮೇಲೆ, 'ಹಾಡು ಇನ್ನೂ ಹಾಕಿಲ್ಲೇನು?' ಅಂತ ಕೇಳಿದರು. ಮನಸೂರರ ದನಿ ಬಂದಾಗ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಆಮೇಲೆ ಜೋರು ಮಾಡು ಅಂದರು. ಗುಂಡಿ ಎರಡು ಸಲ ಒತ್ತಿದೆ. ಇನ್ನೂ ಜೋರು ಅಂದರು. ಮೂರನೇ ಸಲ ಒತ್ತಿದ ಹಾಗೆ ಮಾಡಿದೆ. 'ಹಾಂ, ಈಗ ಸರಿಯಾಯ್ತು' ಅಂದರು.

ಒಂದೇ ತಾಪತ್ರಯ. ಇದರ ಚಾರ್ಜಿಂಗ್ ವೈರು ಎಲ್ಲ ಫೋನಿನಂಥದ್ದಲ್ಲ, ಸೋನಿಯವರದೇ ಅಗಲದ ಪಿನ್ನು. ನನ್ನ ಹತ್ತಿರ ಇರುವುದು ಒಂದೇ, ಅದನ್ನು ನಿನ್ನೆ ಸ್ಟಾಫ್ ರೂಮಿನಲ್ಲಿ ಮರೆತು ಬಂದಿದ್ದೇನೆ. ಇವತ್ತು ಭಾನುವಾರ. ಬ್ಯಾಟರಿ ಕೊನೆಯ ಗೆರೆಗೆ ಬಂದಿದೆ. ನಾಳೆ ಬೆಳಗ್ಗೆ ಹೆಬ್ಬಾಳು ಟೋಲಿನ ತನಕ ಬರಬಹುದು, ಹಾಗಾಗಿ ವಿಲಂಬಿತ ಬಿಟ್ಟು ದ್ರುತದಿಂದಲೇ ಶುರು ಮಾಡಬೇಕು ಅಂದುಕೊಂಡಿದ್ದೇನೆ.